ತಾಳಗುಂದದ ಕಂಬಕ್ಕೆ ತಮಿಳರ ಮೇಲೆ ಹಗೆಯಿಲ್ಲ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕಂಬದ ಮೇಲೆ ಕುಬ್ಜನೆಂಬ ಕವಿಯ ಸಂಸ್ಕೃತ ಪದ್ಯಗಳಿವೆ. ಕದಂಬ ಶಾಂತಿವರ್ಮನ ಕಾಲದ ಈ ಶಾಸನ, ಅವನ ತಂದೆ ಕಾಕುತ್ಸ್ಥವರ್ಮ ಕಟ್ಟಿಸಿದ ಕೆರೆಯನ್ನು ನಿಮಿತ್ತವಾಗಿಸಿಕೊಂಡು ವಂಶದ ಕಥೆಯನ್ನು ಹೇಳುತ್ತದೆ. ರೈಸ್ ಬೆಳಕಿಗೆ ತಂದ, ಕೀಲ್‌ಹಾರ್ನ್ ಸಂಪಾದಿಸಿದ ಈ ಶಾಸನವನ್ನು ಪಾಠ ಮಾಡದ ಕನ್ನಡ ಅಧ್ಯಾಪಕರು ಇರಲಾರರು. ಮೂಲವನ್ನು ಪದ್ಯಪದ್ಯವಾಗಿ ಓದಿಸುವವರು ಮಾತ್ರ ವಿರಳ. ಓದುವ ಬದಲಿಗೆ ನಮ್ಮಲ್ಲಿ ಒಂದು ಸಾರಾಂಶ ಚಲಾವಣೆಯಲ್ಲಿದೆ: ಕಂಚಿಯಲ್ಲಿ ತಮಿಳರಿಂದ ಅಪಮಾನಿತನಾದ ಕನ್ನಡಿಗ ಮಯೂರನು ಸೇಡು ತೀರಿಸಿಕೊಳ್ಳಲು ಮೊದಲ ಕನ್ನಡ ರಾಜ್ಯವನ್ನು ಕಟ್ಟಿದ. ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಕುಳಿತಾಗಲೆಲ್ಲ ಈ ವಾಕ್ಯವನ್ನು ಅಲ್ಪಸ್ವಲ್ಪ ವ್ಯತ್ಯಾಸಗಳೊಡನೆ ಓದುತ್ತ ಬಂದಿದ್ದೇನೆ. ನವೆಂಬರ್ ತಿಂಗಳ ವೇದಿಕೆಗಳಲ್ಲಿ ಇದೇ ವಾಕ್ಯವನ್ನು ಏರುದನಿಯಲ್ಲಿ ಕೇಳುತ್ತೇನೆ.

ಈ ವಾಕ್ಯದಲ್ಲಿ ಕಂಚಿ, ಅಪಮಾನ, ರಾಜ್ಯ ಎಂಬ ಮೂರು ಶಾಸನಕ್ಕೆ ಸೇರಿದವು. ಕನ್ನಡಿಗ, ತಮಿಳ, ಸೇಡು ಎಂಬ ಮೂರು ನಮ್ಮವು. ವಿವಾದವಿರುವುದು ಈ ಎರಡನೆಯ ಮೂರರ ಬಗೆಗೆ.

ಶಾಸನ ಹೇಳುವುದಾದರೂ ಏನು? ಮಾನವ್ಯಗೋತ್ರದ, ಹಾರಿತೀಪುತ್ರರೆನಿಸಿದ ಬ್ರಾಹ್ಮಣ ಕುಟುಂಬವೊಂದು ಮನೆಯ ಬಳಿಯ ಕದಂಬವೃಕ್ಷವನ್ನು ಸಾಕಿ ಆ ಹೆಸರನ್ನು ಪಡೆಯಿತು. ಆ ಕುಲದ ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ಪಲ್ಲವರ ರಾಜಧಾನಿಗೆ ಹೋಗಿ ಘಟಿಕೆಯನ್ನು ಸೇರಿದ. ಅಲ್ಲಿ ಪಲ್ಲವರ ಅಶ್ವಾರೋಹಿಯೊಬ್ಬನೊಡನೆ ಕಲಹವಾಯಿತು. ಆಗ ಅವನನ್ನು ಕೆರಳಿಸಿದ ಚಿಂತೆಯನ್ನು ಕವಿ ಸ್ಪಷ್ಟವಾಗಿ ಹೇಳಿದ್ದಾನೆ. ಈ ಕಲಿಯುಗದಲ್ಲಿ ಕ್ಷತ್ರದ ಮುಂದೆ ಬ್ರಾಹ್ಮಣ್ಯ ಇಷ್ಟು ದುರ್ಬಲವಾಯಿತೇ, ವೇದವನ್ನು ಕ್ರಮವಾಗಿ ಕಲಿತರೂ ಬ್ರಹ್ಮಸಿದ್ಧಿ ಅರಸನ ಅಧೀನವಾಗಬೇಕೇ ಎಂಬುದು ಆ ಚಿಂತೆ. ದರ್ಭೆ, ಸಮಿತ್ತು, ಸ್ರುಕ್ಕುಗಳನ್ನು ಹಿಡಿಯುತ್ತಿದ್ದ ಕೈ ಕತ್ತಿಯನ್ನು ಹಿಡಿದದ್ದು ಇದರಿಂದ. ಸಂಘರ್ಷವಿರುವುದು ಬ್ರಹ್ಮಕ್ಕೂ ಕ್ಷತ್ರಕ್ಕೂ ನಡುವೆ. ಪದ್ಯಗಳಲ್ಲಿ ಕನ್ನಡವೆಂಬ ಮಾತಿಲ್ಲ, ತಮಿಳೆಂಬ ಮಾತೂ ಇಲ್ಲ. ಭಾಷೆಯೊಂದು ಅಭಿಮಾನಕ್ಕೆ ಕಾರಣವಾಗಬಹುದೆಂಬ ಕಲ್ಪನೆಯೇ ಆ ಕಾವ್ಯದ ಜಗತ್ತಿನಲ್ಲಿ ಕಾಣುವುದಿಲ್ಲ.

ಇನ್ನು ಸೇಡಿನ ಮಾತು. ಮಯೂರಶರ್ಮ ಅಂತಪಾಲರನ್ನು ಗೆದ್ದು, ಶ್ರೀಪರ್ವತದವರೆಗಿನ ಕಾಡನ್ನು ಆಕ್ರಮಿಸಿ, ಬೃಹದ್ಬಾಣ ಮೊದಲಾದ ಅರಸರಿಂದ ಕಪ್ಪ ಪಡೆದ ಎಂಬಲ್ಲಿಗೆ ನಮ್ಮ ಭಾಷಣಕಾರರು ನಿಲ್ಲಿಸುತ್ತಾರೆ. ಕುಬ್ಜ ನಿಲ್ಲಿಸುವುದಿಲ್ಲ. ಪಲ್ಲವರು ಅವನ ಶೌರ್ಯವನ್ನೂ ಕುಲವನ್ನೂ ಮೆಚ್ಚಿ ಸಂಧಿ ಮಾಡಿಕೊಂಡರು, ಅವನು ಅವರ ಪರವಾಗಿ ಯುದ್ಧಗಳಲ್ಲಿ ಸೇವೆ ಸಲ್ಲಿಸಿ ಅವರನ್ನು ಸಂತೋಷಪಡಿಸಿದ, ಪಶ್ಚಿಮ ಸಮುದ್ರದಿಂದ ಪ್ರೇಹರದವರೆಗಿನ ಭೂಮಿಯನ್ನು ಪಟ್ಟಬಂಧದ ಗೌರವದೊಡನೆ ಅವರಿಂದಲೇ ಪಡೆದ ಎಂದು ಮುಂದಿನ ಪದ್ಯಗಳು ಹೇಳುತ್ತವೆ. ಪಲ್ಲವರ ಕೈಯಿಂದ ಪಟ್ಟ ಪಡೆದದ್ದನ್ನು ಕದಂಬರ ಆಸ್ಥಾನಕವಿಯೇ ಹೆಮ್ಮೆಯಿಂದ ಕಲ್ಲಿನ ಮೇಲೆ ಬರೆದಿದ್ದಾನೆ. ಅವನಿಗಿಲ್ಲದ ಮುಜುಗರ ಒಂದೂವರೆ ಸಾವಿರ ವರ್ಷಗಳ ತರುವಾಯ ನಮಗೇಕೆ?

ಕಂಚಿಯವರೆಲ್ಲ ತಮಿಳರೆಂಬ ಗ್ರಹಿಕೆಯನ್ನೂ ಪರೀಕ್ಷಿಸಬೇಕು. ಆರಂಭಕಾಲದ ಪಲ್ಲವರ ದತ್ತಿಶಾಸನಗಳು ಪ್ರಾಕೃತದಲ್ಲಿವೆ. ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟ ದೊರೆತದ್ದು ನಮ್ಮ ಹಿರೇಹಡಗಲಿಯಲ್ಲಿ. ಬಳಿಕ ಸಂಸ್ಕೃತ ಬಂತು. ಅವರ ತಾಮ್ರಶಾಸನಗಳಲ್ಲಿ ತಮಿಳು ಮೊದಲಿಗೆ ಕಾಣುವುದು 6ನೆಯ ಶತಮಾನದ ಪಳ್ಳನ್‌ಕೋವಿಲ್ ಶಾಸನದಲ್ಲಿ. ಅದು ಜೈನಾಚಾರ್ಯ ವಜ್ರನಂದಿಗೆ ಸಂದ ದತ್ತಿ. ಈ ಕಡೆಗೆ ಬಂದರೆ, ಶಿಕಾರಿಪುರ ತಾಲ್ಲೂಕಿನದೇ ಆದ ಮಳವಳ್ಳಿಯ ಕಂಬದ ಮೇಲೆ ಚುಟುಕುಲದ ಸಾತಕರ್ಣಿಯ ಶಾಸನವೂ ಅದರ ಕೆಳಗಿನ ಕದಂಬ ಶಾಸನವೂ ಪ್ರಾಕೃತದವು. ಚಂದ್ರವಳ್ಳಿಯ ಬಂಡೆಯ ಮೇಲೆ ಮಯೂರಶರ್ಮನ ಹೆಸರಿರುವ ಶಾಸನವೂ ಪ್ರಾಕೃತದ್ದೇ. ಎಂದರೆ ಕಂಚಿಯ ಆ ಜಗಳದಲ್ಲಿದ್ದ ಎರಡು ಪಕ್ಷಗಳೂ ರಾಜಶಾಸನಕ್ಕೆ ಬಳಸುತ್ತಿದ್ದ ಭಾಷೆ ಒಂದೇ, ಮತ್ತು ಅದು ಕನ್ನಡವೂ ಅಲ್ಲ, ತಮಿಳೂ ಅಲ್ಲ. ಹಲ್ಮಿಡಿ ಶಾಸನದಲ್ಲಿ ಪಲ್ಲವರೊಡನೆ ಯುದ್ಧದ ಪ್ರಸ್ತಾಪವಿದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಅರಸುಮನೆತನಗಳು ಹೋರಾಡಿದವು, ಅದನ್ನು ಯಾರೂ ಅಲ್ಲಗಳೆದಿಲ್ಲ. ಮನೆತನದ ಯುದ್ಧವನ್ನು ಜನಾಂಗದ ವೈರವಾಗಿ ಓದುವ ಅಭ್ಯಾಸ ಎಲ್ಲಿಂದ ಬಂತೆಂಬುದು ನನ್ನ ಪ್ರಶ್ನೆ.

ಒಂದಿಷ್ಟು ಬಂದದ್ದು ದೇವುಡು ಅವರ ಕಾದಂಬರಿಯಿಂದ, ಬಹುಪಾಲು ಅದನ್ನು ಆಧರಿಸಿದ 1975ರ ಚಲನಚಿತ್ರದಿಂದ. ನಾನು ಇವೆರಡನ್ನೂ ದೂರುವುದಿಲ್ಲ. ಕಾದಂಬರಿಕಾರನಿಗೂ ನಿರ್ದೇಶಕನಿಗೂ ನಾಯಕ, ಖಳ ಇಬ್ಬರೂ ಬೇಕು. ರಾಜಕುಮಾರ್ ಅವರ ಮಯೂರನನ್ನು ಕಂಡು ರೋಮಾಂಚನಗೊಳ್ಳದ ನನ್ನ ತಲೆಮಾರಿನವರು ಯಾರಿದ್ದಾರೆ? ಆದರೆ ಚಿತ್ರಮಂದಿರದ ರೋಮಾಂಚನವನ್ನು ಶಾಸನಪಾಠದ ತರಗತಿಗೆ ತಂದು ಟಿಪ್ಪಣಿಯಾಗಿ ಬರೆಸುವವರು ನಾವು, ಅಧ್ಯಾಪಕರು.

ಇಂಥದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಇಂಗ್ಲಿಷರು ಮತ್ತು ಅವರ ನೆರೆಯ ಕೆಲ್ಟಿಕ್ ಜನರ, ಅಂದರೆ ವೇಲ್ಸ್, ಐರ್ಲೆಂಡ್, ಸ್ಕಾಟ್‌ಲೆಂಡಿನವರ ಚರಿತ್ರೆಯಲ್ಲಿ ಇದರ ಪಾಠಾಂತರಗಳೇ ಇವೆ. 1995ರ 'ಬ್ರೇವ್‌ಹಾರ್ಟ್' ಚಿತ್ರವನ್ನು ನೋಡಿದವರು ಸ್ಕಾಟ್ ವೀರ ವಾಲೇಸನನ್ನೂ ಕ್ರೂರ ಇಂಗ್ಲಿಷರನ್ನೂ ಬಲ್ಲರು. 1297ರ ಸ್ಟರ್ಲಿಂಗ್ ಸೇತುವೆಯ ಯುದ್ಧವನ್ನು ಆ ಚಿತ್ರ ಸೇತುವೆಯೇ ಇಲ್ಲದೆ ತೋರಿಸಿತು. ಸ್ಕಾಟರ ಸ್ವಾತಂತ್ರ್ಯದ ಅರಸ ರಾಬರ್ಟ್ ಬ್ರೂಸನ ಮನೆತನ ನಾರ್ಮಂಡಿಯಿಂದ ಬಂದದ್ದೆಂಬುದು ವೇದಿಕೆಯ ಭಾಷಣಕ್ಕೆ ಅಲ್ಲಿಯೂ ಅನನುಕೂಲ. ಇದಕ್ಕಿಂತ ವಿಚಿತ್ರವಾದದ್ದು ಆರ್ಥರನ ಕಥೆ. 9ನೆಯ ಶತಮಾನದ ಲ್ಯಾಟಿನ್ ಚರಿತ್ರೆಯಲ್ಲಿ ಅವನು ಸ್ಯಾಕ್ಸನ್ನರ ವಿರುದ್ಧ, ಎಂದರೆ ಇಂಗ್ಲಿಷರ ಪೂರ್ವಜರ ವಿರುದ್ಧ, ಹೋರಾಡಿದ ಬ್ರಿಟನ್ನರ ದಳಪತಿ. 1278ರಲ್ಲಿ ಗ್ಲಾಸ್ಟನ್‌ಬರಿಯಲ್ಲಿ ಅವನದೆನ್ನಲಾದ ಸಮಾಧಿಯನ್ನು ತೆರೆಸಿ ಅಸ್ಥಿಗಳಿಗೆ ರಾಜಮರ್ಯಾದೆ ಸಲ್ಲಿಸಿದವನು ಇಂಗ್ಲೆಂಡಿನ ಒಂದನೆಯ ಎಡ್ವರ್ಡ್. ಅದೇ ಎಡ್ವರ್ಡ್ ಐದು ವರ್ಷಗಳೊಳಗೆ ವೇಲ್ಸನ್ನು ಗೆದ್ದು ಮುಗಿಸಿದ. ನೆರೆಯವನ ವೀರನನ್ನು ಕಸಿದುಕೊಂಡು ನೆರೆಯವನನ್ನೇ ಸದೆಬಡಿಯುವ ಕಲೆಯೂ ಇದೆಯೆಂಬುದಕ್ಕೆ ಈ ಉದಾಹರಣೆ.

ಹೆಸರುಗಳನ್ನು ನೋಡಿ. 'ವೆಲ್ಶ್' ಎಂಬುದರ ಮೂಲಾರ್ಥ ಹಳೆಯ ಇಂಗ್ಲಿಷಿನಲ್ಲಿ 'ಪರದೇಶಿ'. ತಮ್ಮದೇ ನೆಲದಲ್ಲಿದ್ದ ಜನರಿಗೆ ಹೊರಗಿನಿಂದ ಬಂದವರು ಇಟ್ಟ ಹೆಸರದು. ಆ ಜನ ತಮ್ಮನ್ನು ತಾವು ಕರೆದುಕೊಳ್ಳುವುದು 'ಕಮ್ರಿ' ಎಂದು. ಒಂದೇ ನಾಡಿನವರು ಎಂದು ಅರ್ಥ. ನಮ್ಮ ಶಾಸನಗಳ 'ತಿಗುಳ', ತಮಿಳರ 'ವಡುಗ', ಇಂದಿಗೂ ಕಾಲೇಜು ಕಾರಿಡಾರಿನಲ್ಲಿ ಕಿವಿಗೆ ಬೀಳುವ 'ಕೊಂಗ' ಎಲ್ಲವೂ ಇದೇ ಜಾತಿಯ ಮಾತುಗಳು. 'ಕೊಂಗ' ಕೊಂಗುನಾಡಿನವನೆಂಬ ಸರಳ ಅರ್ಥದ್ದು. ಬೈಗುಳವಾದದ್ದು ಬಳಸಿದವರ ದನಿಯಿಂದ.

ಆದರೆ ಹೋಲಿಕೆಗೆ ಒಂದು ಮಿತಿಯಿದೆ, ನನ್ನ ವಾದದ ಮುಖ್ಯಾಂಶವೂ ಅದರಲ್ಲಿದೆ. ಇಂಗ್ಲಿಷರ ಪೂರ್ವಗ್ರಹಗಳ ಹಿಂದೆ ಒಂದೇ ದಿಕ್ಕಿನಿಂದ ಹರಿದ ರಾಜ್ಯಶಕ್ತಿಯಿತ್ತು. 1185ರಲ್ಲಿ ರಾಜಕುಮಾರ ಜಾನನೊಡನೆ ಐರ್ಲೆಂಡಿಗೆ ಹೋಗಿಬಂದ ಜೆರಾಲ್ಡನು ಐರಿಷರನ್ನು ಅನಾಗರಿಕರೆಂದು ಬಣ್ಣಿಸಿ ಬರೆದ ಗ್ರಂಥ ಆಕ್ರಮಣಕ್ಕೆ ಸಮರ್ಥನೆಯಾಯಿತು. ತಮಾಷೆಯೆಂದರೆ ಆತ ಸ್ವತಃ ಕಾಲುಭಾಗ ವೆಲ್ಶ್. 1536ರ ಕಾಯಿದೆ ವೆಲ್ಶ್ ಭಾಷೆಯನ್ನು ನ್ಯಾಯಾಲಯದಿಂದ ಹೊರಗಿಟ್ಟಿತು. 1847ರಲ್ಲಿ ವೇಲ್ಸಿನ ಶಾಲೆಗಳನ್ನು ಪರಿಶೀಲಿಸಿದ ಮೂವರು ಆಯುಕ್ತರಿಗೂ ವೆಲ್ಶ್ ಬಾರದು. ಆ ಜನರ ಅಜ್ಞಾನಕ್ಕೂ ನೀತಿಗೇಡಿಗೂ ಅವರ ಭಾಷೆಯೇ ಕಾರಣವೆಂಬ ಧ್ವನಿಯಲ್ಲಿ ಅವರು ವರದಿ ಕೊಟ್ಟರು. ವೆಲ್ಶರು ಅದನ್ನು ಇಂದಿಗೂ 'ನೀಲಿ ಪುಸ್ತಕಗಳ ದ್ರೋಹ'ವೆನ್ನುತ್ತಾರೆ. ಕನ್ನಡ ಮತ್ತು ತಮಿಳುಗಳ ನಡುವೆ ಇಂಥದೇನು ನಡೆದಿದೆ? ಇಲ್ಲಿ ಯಾರೂ ಶಾಶ್ವತವಾಗಿ ಇಂಗ್ಲಿಷರಾಗಲಿಲ್ಲ, ಯಾರೂ ಶಾಶ್ವತವಾಗಿ ವೆಲ್ಶರಾಗಲಿಲ್ಲ. ಸರದಿಯ ಮೇಲೆ ಹೊಡೆದರು, ಸರದಿಯ ಮೇಲೆ ಹೊಡೆಸಿಕೊಂಡರು. ಪಲ್ಲವ ನರಸಿಂಹವರ್ಮ 642ರ ಹೊತ್ತಿಗೆ ವಾತಾಪಿಯನ್ನು ಹಿಡಿದ. ಮುಂದಿನ ಶತಮಾನದಲ್ಲಿ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಹೊಕ್ಕ. ಆದರೆ ಕೈಲಾಸನಾಥ ದೇವಾಲಯದ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟ, ಅದನ್ನು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದ.

ಹಾಗೆಂದು ಹಗೆಯ ಮಾತುಗಳೇ ಇರಲಿಲ್ಲವೆಂದು ನಾನು ಸಿಹಿ ಸವರುತ್ತಿಲ್ಲ. ಹಾವೇರಿ ಜಿಲ್ಲೆಯ ಹೊಟ್ಟೂರಿನ 1007ರ ಶಾಸನ ಚೋಳಸೇನೆ ನಾಡನ್ನು ಸುಲಿದು, ಹೆಂಗಸರು ಮಕ್ಕಳು ಬ್ರಾಹ್ಮಣರೆನ್ನದೆ ಕೊಂದದ್ದನ್ನು ಹೇಳಿ, ಅದನ್ನು ಹಿಮ್ಮೆಟ್ಟಿಸಿದ ಸತ್ಯಾಶ್ರಯನನ್ನು 'ತಿಗುಳಮಾರಿ' ಎನ್ನುತ್ತದೆ. ಗಾವರವಾಡದ 1071ರ ಶಾಸನ ಬೆಳ್ವೊಲದ ಬಸದಿಗಳನ್ನು ಚೋಳನು ಸುಟ್ಟದ್ದನ್ನು ಅತ್ಯಂತ ಕಟುವಾದ ಮಾತುಗಳಲ್ಲಿ ಖಂಡಿಸಿ, ಕಡೆಗೆ ಅವನು ಯುದ್ಧದಲ್ಲಿ ತಲೆ ಒಪ್ಪಿಸಿದನೆಂದು ಸಮಾಧಾನಪಡುತ್ತದೆ. ಅತ್ತ ಕಡೆ ದಾರಾಸುರದಲ್ಲಿದ್ದ ದ್ವಾರಪಾಲಕನ ವಿಗ್ರಹದ ಪೀಠದಲ್ಲಿ, ಕಲ್ಯಾಣಪುರವನ್ನು ಸುಟ್ಟು ಇದನ್ನು ತಂದೆನೆಂಬ ಚೋಳ ರಾಜಾಧಿರಾಜನ ತಮಿಳು ಬರಹವಿದೆ. ಇವೆಲ್ಲ ಗಾಯಗೊಂಡವರ, ಗೆದ್ದವರ ಮಾತುಗಳು. ಹೊಟ್ಟೂರಿನವನಿಗೆ ತಿಗುಳನನ್ನು ಶಪಿಸಲು ಕಾರಣವಿತ್ತು. ಅವನ ಊರು ಉರಿದಿತ್ತು. ನಮಗೆ ಯಾವ ಊರು ಉರಿದಿದೆ?

ತಮಿಳಿನಲ್ಲಿ ಕನ್ನಡಿಗನ ಪಡಿಯಚ್ಚು ಹೇಗಿತ್ತೆಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ನಾವು ಹೇಳುವುದೇ ಇಲ್ಲ. 12ನೆಯ ಶತಮಾನದ ಸೇಕ್ಕಿಳಾರನ 'ಪೆರಿಯಪುರಾಣ'ದಲ್ಲಿ ಮೂರ್ತಿನಾಯನಾರನ ಕಥೆ ಬರುತ್ತದೆ. ಮದುರೆಯನ್ನು ವಡುಗ ಕರುನಾಡ ಅರಸನೊಬ್ಬ ಹಿಡಿಯುತ್ತಾನೆ, ಅವನು ಜೈನ, ಶಿವಭಕ್ತನಿಗೆ ಗಂಧ ಸಿಗದಂತೆ ಮಾಡುತ್ತಾನೆ, ಭಕ್ತ ತನ್ನ ಮೊಣಕೈಯನ್ನೇ ಕಲ್ಲಿಗೆ ತೇಯುತ್ತಾನೆ. ಕನ್ನಡದ ಕಥೆಯಲ್ಲಿ ಖಳ ಕಂಚಿಯಿಂದ ಬರುವಂತೆ ತಮಿಳಿನ ಕಥೆಯಲ್ಲಿ ಖಳ ಕರುನಾಡಿನಿಂದ ಬರುತ್ತಾನೆ, ಮೇಲಾಗಿ ಶ್ರಮಣನಾಗಿ ಬರುತ್ತಾನೆ. ಸಂಬಂಧರ್ ಮೊದಲಾದವರ ಹಾಡುಗಳಲ್ಲಿ ಜೈನ ಮುನಿಗಳು ತಮಿಳಿನ ಸೊಗಸರಿಯದ ಹೊರಗಿನವರು. ಆದರೆ ಶಿಲೆಗಳು ಬೇರೆ ಕಥೆ ಹೇಳುತ್ತವೆ. ಸಿತ್ತನ್ನವಾಸಲ್‌ನ ಗುಹೆಯ ಹಳೆಯ ಬ್ರಾಹ್ಮೀ ಬರಹದಲ್ಲಿ ಎರುಮೈನಾಡಿನಲ್ಲಿ, ಎಂದರೆ ನಮ್ಮ ಮೈಸೂರು ಸೀಮೆಯಲ್ಲಿ, ಹುಟ್ಟಿದ ಒಬ್ಬನ ಹೆಸರಿದೆ. ತಮಿಳುನಾಡಿನ ಅತಿ ಪ್ರಾಚೀನ ಬರಹಗಳಲ್ಲಿ ಕನ್ನಡದ ಛಾಯೆಯಿರುವುದನ್ನು ಗುರುತಿಸಿದವರು ತಮಿಳು ವಿದ್ವಾಂಸರಾದ ಐರಾವತಂ ಮಹಾದೇವನ್. ಸ್ವಭಾಷೆಯ ಹಿರಿಮೆಗೆ ಕುಂದೆಂದು ಅವರು ಅದನ್ನು ಮುಚ್ಚಿಡಲಿಲ್ಲ.

2025ರ ಮೇ ತಿಂಗಳಲ್ಲಿ ಚೆನ್ನೈನ ಚಲನಚಿತ್ರ ಸಮಾರಂಭವೊಂದರಲ್ಲಿ ಕಮಲ್ ಹಾಸನ್ ಅವರು ಕನ್ನಡ ತಮಿಳಿನಿಂದ ಹುಟ್ಟಿತೆಂದದ್ದು ಎಲ್ಲರಿಗೂ ತಿಳಿದಿದೆ. ಮಯೂರನ ಪಾತ್ರಧಾರಿಯ ಮಗ ಶಿವರಾಜಕುಮಾರ್ ಅವರೇ ಅಲ್ಲಿ ಎದುರಿಗಿದ್ದರು. ಆ ಹೇಳಿಕೆ ತಪ್ಪು. ತಪ್ಪೆಂದು ತೋರಿಸಲು ಒಂದು 'ಕಿವಿ' ಸಾಕು. ತಮಿಳಿನಲ್ಲಿ ಅದು 'ಚೆವಿ'. ಮೂಲದ ಕಕಾರವನ್ನು ಕನ್ನಡ ಉಳಿಸಿಕೊಂಡಿದೆ, ತಮಿಳು ಬದಲಿಸಿಕೊಂಡಿದೆ. ಮಗಳಲ್ಲಿ ಉಳಿದ ಹಳೆಯ ರೂಪ ತಾಯಿಯಲ್ಲಿ ಇಲ್ಲದಿರುವುದು ಹೇಗೆ? ಹಾಗೆಯೇ ತಮಿಳಿನ 'ಪಾಲ್' ಹಳೆಯ ಪಕಾರವನ್ನು ಉಳಿಸಿಕೊಂಡಿದೆ, ನಮ್ಮ 'ಹಾಲು' ಕಳೆದುಕೊಂಡಿದೆ. ಎರಡೂ ಒಂದೇ ಮೂಲದಿಂದ ಬಂದ ಸೋದರಿಯರು. ಈ ಮಾತನ್ನು ತರಗತಿಯಲ್ಲಿ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬಹುದು. ನಮ್ಮಲ್ಲಿ ನಡೆದದ್ದೇನು? ಅವರ ಸಿನಿಮಾ ನಮ್ಮಲ್ಲಿ ತೆರೆ ಕಾಣಲಿಲ್ಲ. ತಮಿಳೇ ಕನ್ನಡದಿಂದ ಹುಟ್ಟಿತೆಂಬ ಪ್ರತಿವಾದ, ಕಿರುಹೊತ್ತಗೆಗೂ ಅರ್ಹವಲ್ಲದ್ದು, ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ತಾಳಗುಂದದ ಉತ್ಖನನದಲ್ಲಿ 2013ರ ಸುಮಾರಿಗೆ ದೊರೆತು, ಪುರಾತತ್ತ್ವ ಇಲಾಖೆ ಕ್ರಿ.ಶ. 370ಕ್ಕೆ ಸೇರಿಸಿದ ಸಿಂಹಕಟಾಂಜನದ ಶಾಸನವನ್ನೂ ಈ ಓಟದ ಪಂದ್ಯಕ್ಕೆ ಎಳೆದರು. ಆ ಕಲ್ಲಿನಲ್ಲಿ ಸಂಸ್ಕೃತದೊಡನೆ ಕನ್ನಡ ಪದಗಳು ಹೇಗೆ ಬೆರೆತಿವೆಯೆಂಬ ನಿಜವಾದ ಕುತೂಹಲ ಯಾರಿಗೂ ಉಳಿದಿರಲಿಲ್ಲ. ಭಾಷೆಗಳಿಗೆ ವಂಶವೃಕ್ಷ ಬರೆಯುವ ಶಾಸ್ತ್ರವನ್ನು 1856ರ ತಮ್ಮ ತೌಲನಿಕ ವ್ಯಾಕರಣದ ಮೂಲಕ ನಮಗೆ ಕಲಿಸಿದ ಕಾಲ್ಡ್‌ವೆಲ್, ಸ್ಕಾಟ್ ತಂದೆತಾಯಿಯರಿಗೆ ಐರ್ಲೆಂಡಿನಲ್ಲಿ ಹುಟ್ಟಿದವರು. ಅವರ ಶಾಸ್ತ್ರವನ್ನು ಬಿಟ್ಟು ಅವರ ನಾಡಿನ ಜಗಳವನ್ನು ಮಾತ್ರ ನಾವು ಆಮದು ಮಾಡಿಕೊಂಡೆವೆನ್ನಿಸುತ್ತದೆ.

ಈ ಎರಡು ತಾಲ್ಲೂಕುಗಳಲ್ಲಿ ಕುಳಿತು ಇದನ್ನು ಬರೆಯಲು ಬೇರೊಂದು ಕಾರಣವೂ ಇದೆ. ಇಲ್ಲಿ ಕಾವೇರಿಯ ಒಂದು ಹನಿಯೂ ಹರಿಯುವುದಿಲ್ಲ. ವರದಾ, ದಂಡಾವತಿ, ಕುಮುದ್ವತಿ ಎಲ್ಲವೂ ತುಂಗಭದ್ರೆಯ ಕಡೆಗೆ ಹೋಗುವಂಥವು. ಆದರೂ ಕನ್ನಡ ತಮಿಳು ಸಂಬಂಧದ ಎರಡು ದೊಡ್ಡ ಸಂದರ್ಭಗಳಲ್ಲಿ ರಾಜ್ಯದ ಚುಕ್ಕಾಣಿ ಈ ಕಡೆಯವರ ಕೈಯಲ್ಲಿತ್ತು. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ 205 ಟಿಎಂಸಿ ನೀರಿನ ಮಧ್ಯಂತರ ಆದೇಶ ಕೊಟ್ಟಾಗ ಮುಖ್ಯಮಂತ್ರಿಯಾಗಿದ್ದವರು ಸೊರಬ ತಾಲ್ಲೂಕು ಕುಬಟೂರಿನ ಎಸ್. ಬಂಗಾರಪ್ಪನವರು. ಜುಲೈನಲ್ಲಿ ಅವರ ಸರ್ಕಾರ ಹೊರಡಿಸಿದ ಸುಗ್ರೀವಾಜ್ಞೆಯನ್ನು ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲಿ ಅಸಾಂವಿಧಾನಿಕವೆಂದಿತು. ಡಿಸೆಂಬರ್‌ನಲ್ಲಿ ಬೆಂಗಳೂರಿನ ತಮಿಳರ ಬೀದಿಗಳು ಹೊತ್ತಿ ಉರಿದವು. ನೀರಿನ ವ್ಯಾಜ್ಯದಲ್ಲಿ ಕರ್ನಾಟಕದ ರೈತನ ವಾದಕ್ಕೆ ಬಲವಿತ್ತು, ಈಗಲೂ ಇದೆಯೆಂದು ನಾನು ನಂಬುತ್ತೇನೆ. ಆದರೆ ಆ ಡಿಸೆಂಬರ್‌ನಲ್ಲಿ ಗುಡಿಸಲು ಕಳೆದುಕೊಂಡ ಕೂಲಿಯವನ ಬಳಿ ಯಾವ ಅಣೆಕಟ್ಟಿನ ಕೀಲಿಕೈಯಿತ್ತು? ಅವನನ್ನು ಕಾವೇರಿಯ ಕಳ್ಳನನ್ನಾಗಿ ಮಾಡಿದ್ದು ಪಡಿಯಚ್ಚು. ಅದೇ ವರ್ಷ ಅಲಸೂರಿನಲ್ಲಿ ಸಿದ್ಧವಾಗಿದ್ದ ತಿರುವಳ್ಳುವರ್ ಪ್ರತಿಮೆ 18 ವರ್ಷ ಮುಸುಕಿನಲ್ಲಿ ಉಳಿಯಿತು. ಅದನ್ನು 2009ರ ಆಗಸ್ಟ್‌ನಲ್ಲಿ ಅನಾವರಣಗೊಳಿಸಿದಾಗ ಮುಖ್ಯಮಂತ್ರಿಯಾಗಿದ್ದವರು ಶಿಕಾರಿಪುರದ ಶಾಸಕ ಬಿ.ಎಸ್. ಯಡಿಯೂರಪ್ಪನವರು. ಕೆಲವೇ ದಿನಗಳಲ್ಲಿ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ ನಿಂತಿತು. ಸರ್ವಜ್ಞನ ಸೀಮೆಯೆನಿಸಿದ ಹಿರೇಕೆರೂರು ಶಿಕಾರಿಪುರದ ಗಡಿಗೆ ತಾಗಿಕೊಂಡೇ ಇದೆ. ರಾಜಕಾರಣದ ಲೆಕ್ಕಾಚಾರ ಅದರಲ್ಲಿ ಇರಲಿಲ್ಲವೆಂದು ಹೇಳುವಷ್ಟು ಮುಗ್ಧ ನಾನಲ್ಲ. ಆದರೂ ಮುಸುಕು ತೆಗೆದ ಮೇಲೆ ಬೆಂಗಳೂರಿನಲ್ಲಿ ಕನ್ನಡಕ್ಕೆ ಯಾವ ನಷ್ಟವೂ ಆದದ್ದು ಕಾಣೆ.

ಹೋರಾಟದ ಚರಿತ್ರೆಯೇ ಬೇಕೆನ್ನುವವರು ಸೊರಬ ತಾಲ್ಲೂಕಿನ ವೀರಗಲ್ಲುಗಳ ನಡುವೆ ಒಂದು ವಾರ ಅಲೆಯಲಿ, ರೈಸ್ ಸಂಪಾದಿಸಿದ 8ನೆಯ ಸಂಪುಟವನ್ನು ಕೈಯಲ್ಲಿಟ್ಟುಕೊಂಡು. ತುರುಗಾಳಗದಲ್ಲಿ, ಹೆಂಗಸರ ಮಾನ ಕಾಯುವಲ್ಲಿ, ಊರಳಿವಿನಲ್ಲಿ ಸತ್ತವರ ಸಾಲೇ ಇದೆ. ಅವರನ್ನು ಕೊಂದವರು ಯಾರು? ಹಾನುಗಲ್ಲಿನ ಕಡೆಯವರು, ಸಾಂತರರ ಕಡೆಯವರು, ಹೊಸಗುಂದದವರು, ಹೊಯ್ಸಳರು, ಸೇವುಣರು, ಬಹುಮಟ್ಟಿಗೆ ಕನ್ನಡವನ್ನೇ ಆಡುತ್ತಿದ್ದ ನೆರೆಯವರು. ಈ ಸಾವುಗಳಿಗೆ ಯಾವ ಚಲನಚಿತ್ರವೂ ಇಲ್ಲ, ಏಕೆಂದರೆ ಇವುಗಳಿಂದ ದ್ವೇಷಿಸಲು ಅನುಕೂಲವಾದ ಶತ್ರು ಸಿಗುವುದಿಲ್ಲ.

ಮಧ್ಯಕಾಲದ ಬಳ್ಳಿಗಾವೆಗೆ ಪರದೇಶದವರ ಬಗೆಗೆ ಪೂರ್ವಗ್ರಹಗಳಿರಲಿಲ್ಲವೆ? ಇದ್ದವು. ಶಿಕಾರಿಪುರ ತಾಲ್ಲೂಕಿನ 11ನೆಯ ಶತಮಾನದ ಶಾಸನವೊಂದು ಅಯ್ಯಾವೊಳೆಯ ವರ್ತಕರು ಸಂಚರಿಸಿದ ದೇಶಗಳನ್ನು ಪಟ್ಟಿಮಾಡುತ್ತ ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ, ಪಾರಸ, ನೇಪಾಳಗಳ ಜೊತೆಗೆ ಏಕಪಾದರ ನಾಡು, ಲಂಬಕರ್ಣರ ನಾಡು, ಸ್ತ್ರೀರಾಜ್ಯಗಳನ್ನೂ ಸೇರಿಸುತ್ತದೆ. ಒಂಟಿಕಾಲಿನವರೂ ಜೋಲುಕಿವಿಯವರೂ ಎಲ್ಲೋ ದಿಗಂತದಾಚೆ ಇದ್ದರು. ಚೋಳ ಪಾಂಡ್ಯರು ಸರಕಿನ ದರ ಮಾತಾಡಬಹುದಾದಷ್ಟು ಹತ್ತಿರದಲ್ಲಿದ್ದರು. 779ರಲ್ಲಿ ಉದ್ಯೋತನಸೂರಿ ತನ್ನ ಪ್ರಾಕೃತ 'ಕುವಲಯಮಾಲಾ'ದಲ್ಲಿ ನಾನಾ ದೇಶದ ವ್ಯಾಪಾರಿಗಳ ಮೈಕಟ್ಟು, ಸ್ವಭಾವ, ಮಾತಿನ ವರಸೆಗಳನ್ನು ಒಂದೊಂದು ಗಾಹೆಯಲ್ಲಿ ಹಿಡಿದಾಗಲೂ, ಕರ್ಣಾಟರನ್ನು ಬಿಡದೆ ಎಲ್ಲರನ್ನೂ ನಗೆಯ ಒಂದೇ ಅಳತೆಗೋಲಿನಿಂದ ಅಳೆದಿದ್ದಾನೆ. ಸಂತೆಯಲ್ಲಿ ಹುಟ್ಟಿದ ಪಡಿಯಚ್ಚಿಗೂ ಸೇನೆಯಲ್ಲಿ ಹುಟ್ಟಿದ ಪಡಿಯಚ್ಚಿಗೂ ಇರುವ ಅಂತರವನ್ನು ಸಂಶೋಧನಾ ವಿದ್ಯಾರ್ಥಿಗಳು ಯಾರಾದರೂ ಕೈಗೆತ್ತಿಕೊಳ್ಳಬೇಕು.

1162ರ ಶಾಸನ ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ ಬಗೆ ಎಲ್ಲರಿಗೂ ಗೊತ್ತು. ಕಾಳಾಮುಖ ಶೈವರ ಆ ಮಠದಲ್ಲಿ ಪಾಣಿನೀಯದ ಜೊತೆಗೆ ಜೈನ ಶಾಕಟಾಯನನ ವ್ಯಾಕರಣಕ್ಕೂ ವ್ಯಾಖ್ಯಾನ ನಡೆಯುತ್ತಿತ್ತು. ದೇಶದೇಶಗಳಿಂದ ಬಂದ ಕ್ಷಪಣಕರಿಗೂ ಏಕದಂಡಿ ತ್ರಿದಂಡಿಗಳಿಗೂ ಅನ್ನವಿತ್ತು. ಬಂಗಾರಪ್ಪನವರ ಊರಾದ ಕುಬಟೂರಿನಲ್ಲಿ, ಶಾಸನದ ಕುಪ್ಪಟೂರಿನಲ್ಲಿ, 1077ರಲ್ಲಿ ರಾಣಿ ಮಾಳಲದೇವಿ ಪಾರ್ಶ್ವದೇವ ಚೈತ್ಯಾಲಯವನ್ನು ಮಾಡಿಸಿದಾಗ ಅದಕ್ಕೆ ಬ್ರಹ್ಮಜಿನಾಲಯವೆಂದು ಹೆಸರಿಟ್ಟವರು ಆ ಅಗ್ರಹಾರದ ಬ್ರಾಹ್ಮಣರು. ಇಂಥವು ಪಠ್ಯಕ್ಕೆ ಬರುವುದಿಲ್ಲ. ಬಂದರೂ 'ಪರಧರ್ಮ ಸಹಿಷ್ಣುತೆ' ಎಂಬ ಎರಡು ಅಂಕದ ಟಿಪ್ಪಣಿಯಾಗಿ ಬರುತ್ತವೆ, ಕನ್ನಡಿಗನು ಹುಟ್ಟಿನಿಂದಲೇ ಸಹಿಷ್ಣು ಎಂಬ ಮತ್ತೊಂದು ಪಡಿಯಚ್ಚನ್ನು ಬಲಪಡಿಸಲು. ಆ ಸಹಿಷ್ಣು ಕನ್ನಡಿಗನೇ ಸಂಜೆ 'ಕೊಂಗ' ಎನ್ನುತ್ತಾನೆ.

ಪ್ರಶ್ನೆಪತ್ರಿಕೆ ಸಿದ್ಧಪಡಿಸುವ ಸಹೋದ್ಯೋಗಿಗಳಲ್ಲಿ ನನ್ನದೊಂದು ಬೇಡಿಕೆಯಿದೆ. 'ತಾಳಗುಂದ ಶಾಸನದ ಮಹತ್ವವನ್ನು ವಿವರಿಸಿ' ಎಂಬ ಸವೆದ ಪ್ರಶ್ನೆಯನ್ನು ಕೈಬಿಡಿ. ಕುಬ್ಜನ ಪದ್ಯಗಳ ಕನ್ನಡ ಅನುವಾದವನ್ನು ಪ್ರಶ್ನೆಪತ್ರಿಕೆಯಲ್ಲಿಯೇ ಅಚ್ಚುಮಾಡಿ, ಮಯೂರಶರ್ಮನ ಕೋಪಕ್ಕೆ ಈ ಪದ್ಯಗಳು ಕೊಡುವ ಕಾರಣವೇನು, ಅವನಿಗೆ ಪಟ್ಟ ಕಟ್ಟಿದವರು ಯಾರು ಎಂದು ಕೇಳಿ. ಮೊದಲನೆಯದಕ್ಕೆ 'ತಮಿಳರು' ಎಂದು ಬರೆದವರಿಗೆ ಸೊನ್ನೆ ಕೊಡಿ.